ಟೈಪ್ ಒನ್ ಮಧುಮೇಹ: ಶುಗರ್ ಇಳಿದಾಗ ಮೊದಲ 15 ನಿಮಿಷ, ಆಮೇಲಿನ 24 ಗಂಟೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಶುಗರ್ ಲೋ ಆದಾಗ ಎಷ್ಟು ಸಿಹಿ ತಿನ್ನಬೇಕು? ಕೈಗೆ ಸಿಕ್ಕಿದ್ದೆಲ್ಲ ತಿಂದರೆ ಎರಡು ಗಂಟೆಯಲ್ಲಿ 300 ದಾಟುತ್ತದೆ. ಸ್ವಲ್ಪವೇ ತಿಂದರೆ ನಡುಕ ನಿಲ್ಲುವುದಿಲ್ಲ." ಇದಕ್ಕೆ ಅಳತೆಯ ಉತ್ತರವಿದೆ. ಅಳತೆ ಗೊತ್ತಿಲ್ಲದೆ ಗಾಬರಿಯಲ್ಲಿ ತಿನ್ನುವುದೇ ಅರ್ಧ ತೊಂದರೆ. ಇನ್ನರ್ಧ ತೊಂದರೆ, ಶುಗರ್ ಏಕೆ ಇಳಿಯಿತೆಂದು ಮರುದಿನ ಹುಡುಕದೆ ಬಿಡುವುದು.

ಈ ಲೇಖನ ಟೈಪ್ ಒನ್ ಇರುವವರಿಗೆ ಮತ್ತು ಅವರ ಮನೆಯವರಿಗೆ. ಟೈಪ್ ಒನ್ ಎಂದರೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿರುವ ಸ್ಥಿತಿ. ಹೊರಗಿನಿಂದ ಕೊಡುವ ಇನ್ಸುಲಿನ್ ಬಿಟ್ಟು ಬೇರೆ ದಾರಿಯಿಲ್ಲ. ಮಧುಮೇಹ ಇಲ್ಲದವರ ಶುಗರ್ ಇಳಿಯತೊಡಗಿದರೆ ದೇಹ ತಾನಾಗಿ ಇನ್ಸುಲಿನ್ ನಿಲ್ಲಿಸುತ್ತದೆ. ನೀವು ಚುಚ್ಚಿಕೊಂಡ ಇನ್ಸುಲಿನ್ ಹಾಗಲ್ಲ, ಒಮ್ಮೆ ಒಳಗೆ ಹೋದ ಮೇಲೆ ತನ್ನ ಅವಧಿ ಮುಗಿಯುವ ತನಕ ಕೆಲಸ ಮಾಡುತ್ತಲೇ ಇರುತ್ತದೆ. ಟೈಪ್ ಟೂ ಇದ್ದು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದೇ ಮಾತು: ನಿಮಗೆ ಶುಗರ್ ಇಳಿದರೆ ಸಕ್ಕರೆ ತಿಂದು ಸರಿಯಾದ ಮೇಲೂ ಆಸ್ಪತ್ರೆಗೆ ಹೋಗಿ. ಆ ಮಾತ್ರೆಗಳ ಪರಿಣಾಮ ದೀರ್ಘ, ಶುಗರ್ ಗಂಟೆಗಳ ನಂತರ ಮತ್ತೆ ಇಳಿಯಬಹುದು.

ನೆನಪಿಡಬೇಕಾದ ಅಂಕಿ ಎರಡೇ. 70ಕ್ಕಿಂತ ಕೆಳಗೆ ಬಂದರೆ ಲೋ, ವೈದ್ಯರ ಮಾತಿನಲ್ಲಿ ಹೈಪೊಗ್ಲೈಸೀಮಿಯಾ. 54ಕ್ಕಿಂತ ಕೆಳಗೆ ಹೋದರೆ ಮಿದುಳಿಗೆ ಸಕ್ಕರೆ ಸಾಲದಾಗುತ್ತಿದೆ ಎಂದರ್ಥ. ಇನ್ನೊಬ್ಬರ ಸಹಾಯವಿಲ್ಲದೆ ಚೇತರಿಸಿಕೊಳ್ಳಲಾಗದ ಸ್ಥಿತಿಗೆ ಅಂಕಿಯೇ ಬೇಡ, ಅದು ತುರ್ತು. ಇಲ್ಲಿ ಕೊಟ್ಟಿರುವ ಶುಗರ್ ಅಂಕಿಗಳೆಲ್ಲ ನಿಮ್ಮ ಗ್ಲುಕೋಮೀಟರ್ ತೋರಿಸುವ ಮಿಲಿಗ್ರಾಂ ಲೆಕ್ಕದವು.

1. ಮೊದಲೇ ಸಿದ್ಧವಾಗಿ

ಒಂದು ಸಣ್ಣ ಜಿಪ್ ಚೀಲ ಮಾಡಿಕೊಳ್ಳಿ. ಅದರಲ್ಲಿ ಗ್ಲುಕೋಮೀಟರ್, ಸ್ಟ್ರಿಪ್, ಚುಚ್ಚುವ ಸೂಜಿ, ಸಣ್ಣ ನೀರಿನ ಬಾಟಲಿ ಮತ್ತು ಅಳೆದಿಟ್ಟ ಗ್ಲೂಕೋಸ್ ಪುಡಿ ಇರಲಿ. ಪುಡಿಯನ್ನು ದೊಡ್ಡ ಪ್ಯಾಕೆಟ್ಟಿನಲ್ಲೇ ಒಯ್ಯಬೇಡಿ. ನಡುಗುವ ಕೈಯಲ್ಲಿ ಚಮಚ ಲೆಕ್ಕ ಹಾಕಲು ಆಗುವುದಿಲ್ಲ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಮ್ಮೆ 15 ಗ್ರಾಂ ತೂಗಿಸಿ, ಬಿಗಿ ಮುಚ್ಚಳದ ಸಣ್ಣ ಡಬ್ಬಿಗೆ ಹಾಕಿ, ಎಲ್ಲಿಯವರೆಗೆ ಬಂತೆಂದು ಪೆನ್ನಿನಲ್ಲಿ ಗೆರೆ ಎಳೆಯಿರಿ. ಮುಂದೆ ತಕ್ಕಡಿ ಬೇಡ, ಗೆರೆ ಸಾಕು. ಇಂಥ ಮೂರು ಡಬ್ಬಿ ಚೀಲದಲ್ಲಿ, ಎರಡು ಹಾಸಿಗೆಯ ಪಕ್ಕ, ಒಂದು ಸ್ಕೂಟರಿನ ಡಿಕ್ಕಿಯಲ್ಲಿ.

ನಮ್ಮ ಮಳೆಗಾಲಕ್ಕೆ ಈ ಪುಡಿ ತೇವ ಹೀರಿ ಕಲ್ಲಾಗುತ್ತದೆ. ಕಲ್ಲಾದರೂ ಅದು ಗ್ಲೂಕೋಸೇ, ಆದರೆ ಬೇಕಾದಾಗ ಡಬ್ಬಿಯಿಂದ ಹೊರಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ 15 ದಿನಕ್ಕೊಮ್ಮೆ ಡಬ್ಬಿ ಅಲ್ಲಾಡಿಸಿ ನೋಡಿ, ಸದ್ದು ಬರದಿದ್ದರೆ ಬದಲಿಸಿ. ಸ್ಟ್ರಿಪ್ಪಿಗೂ ತೇವ ಶತ್ರು. ಒಂದು ತೆಗೆದ ಕೂಡಲೇ ಮುಚ್ಚಳ ಹಾಕಿ, ಬೇರೆ ಡಬ್ಬಿಗೆ ವರ್ಗಾಯಿಸಬೇಡಿ. ತೇವ ತಗಲಿದ ಸ್ಟ್ರಿಪ್ ತಪ್ಪು ಅಂಕಿ ತೋರಿಸುತ್ತದೆ.

ಹರತಾಳದ ದಿನ ಅಂಗಡಿ ಇರುವುದಿಲ್ಲ, ಬಸ್ಸೂ ಇರುವುದಿಲ್ಲ. ಗ್ಲೂಕೋಸ್, ಸ್ಟ್ರಿಪ್, ಇನ್ಸುಲಿನ್ ಮೂರೂ ಕನಿಷ್ಠ ಎರಡು ವಾರಕ್ಕೆ ಸಾಕಾಗುವಷ್ಟು ಮನೆಯಲ್ಲಿರಲಿ.

2. ಗುರುತಿಸಿ

ಲಕ್ಷಣಗಳು ಎರಡು ಬಗೆ. ಮೊದಲು ಬರುವುದು ದೇಹದ ಎಚ್ಚರಿಕೆ ಗಂಟೆ: ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ತಡೆಯಲಾಗದ ಹಸಿವು, ತುಟಿಯ ಸುತ್ತ ಜುಮ್ಮೆನ್ನುವುದು. ಅದನ್ನು ಕೇಳಿಸಿಕೊಳ್ಳದಿದ್ದರೆ ಬರುವುದು ಮಿದುಳಿನ ಬಡತನ: ಕಣ್ಣು ಮಂಜಾಗುವುದು, ಮಾತು ತೊದಲುವುದು, ಸುಲಭದ ಲೆಕ್ಕ ತಪ್ಪುವುದು, ಕಾರಣವಿಲ್ಲದ ಸಿಟ್ಟು, ಮಂಕು. ಈ ಎರಡನೇ ಹಂತದಲ್ಲಿರುವವರು "ನನಗೇನೂ ಆಗಿಲ್ಲ, ಸುಮ್ಮನಿರು" ಎಂದು ಗದರುವುದು ಬಹಳ ಸಾಮಾನ್ಯ. ಮನೆಯವರು ಆ ಮಾತನ್ನು ನಂಬಬಾರದು, ಅದಕ್ಕೆ ಮುನಿಸಿಕೊಳ್ಳಲೂ ಬಾರದು. ಸಣ್ಣ ಮಕ್ಕಳಲ್ಲಿ ಹಠ, ಅಳು ಅಥವಾ ಆಟದ ನಡುವೆ ಒಮ್ಮೆಲೇ ಸುಮ್ಮನಾಗಿ ಕೂರುವುದೇ ಲಕ್ಷಣ.

ಏಪ್ರಿಲ್, ಮೇಯಲ್ಲಿ ಕರಾವಳಿಯ ಸೆಕೆಗೆ ಎಲ್ಲರೂ ಬೆವರುತ್ತಾರೆ. ಹಾಗಾಗಿ ಆ ತಿಂಗಳುಗಳಲ್ಲಿ ಬೆವರನ್ನು ಸೆಕೆಯ ಲೆಕ್ಕಕ್ಕೆ ಹಾಕಿ ಕೂರಬೇಡಿ, ಅನುಮಾನ ಬಂದರೆ ಬೆರಳು ಚುಚ್ಚಿ.

3. ಕೈ ತೊಳೆದು ಪರೀಕ್ಷಿಸಿ

ಹಲಸಿನ ಹಣ್ಣು ಬಿಡಿಸಿದ ಕೈ, ಮಾವಿನ ಹಣ್ಣು ಹಿಂಡಿದ ಕೈ, ಮಗುವಿಗೆ ಬಾಳೆಹಣ್ಣು ಸುಲಿದುಕೊಟ್ಟ ಕೈ: ಬೆರಳ ಮೇಲೆ ಕಣ್ಣಿಗೆ ಕಾಣದ ಹಣ್ಣಿನ ಸಕ್ಕರೆ ಉಳಿದಿರುತ್ತದೆ. ಒಂದು ಹನಿ ರಕ್ತಕ್ಕೆ ಅದು ಸೇರಿದರೆ 60 ಇರಬೇಕಾದ ಕಡೆ ಮೀಟರ್ 160 ತೋರಿಸಬಹುದು. ಆ 160 ನಂಬಿ ನೀವು ಇನ್ನಷ್ಟು ಇನ್ಸುಲಿನ್ ತೆಗೆದುಕೊಂಡರೆ ಆಗುವ ಅನಾಹುತ ದೊಡ್ಡದು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು. ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಚುಚ್ಚಿ. ನೀರಿಲ್ಲದ ಜಾಗವಾದರೆ ಮೊದಲ ಹನಿ ಒರೆಸಿ ತೆಗೆದು ಎರಡನೇ ಹನಿ ಬಳಸಿ.

ಲಕ್ಷಣ ಸ್ಪಷ್ಟವಾಗಿದ್ದು ಮೀಟರ್ ಹತ್ತಿರ ಇಲ್ಲದಿದ್ದರೆ ಹುಡುಕುತ್ತಾ ಸಮಯ ಕಳೆಯಬೇಡಿ. ಮೊದಲು ಸಕ್ಕರೆ, ಲೆಕ್ಕ ಆಮೇಲೆ. ಅನಗತ್ಯವಾಗಿ ತಿಂದ 15 ಗ್ರಾಂ ಗ್ಲೂಕೋಸಿನಿಂದ ಆಗುವ ಹಾನಿ ಅತ್ಯಲ್ಪ.

4. ಅಳೆದು 15 ಗ್ರಾಂ

ದೊಡ್ಡವರಿಗೆ 15 ಗ್ರಾಂ, 54ಕ್ಕಿಂತ ಕೆಳಗಿದ್ದರೆ 20 ಗ್ರಾಂ. ಮಕ್ಕಳಿಗೆ ತೂಕದ ಪ್ರಕಾರ, ಕಿಲೋಗೆ 0.3 ಗ್ರಾಂ: 10 ಕಿಲೋ ಮಗುವಿಗೆ 3 ಗ್ರಾಂ, 20 ಕಿಲೋಗೆ 6, 30 ಕಿಲೋಗೆ 9, 40 ಕಿಲೋಗೆ 12. ಮಕ್ಕಳಿಗೆ ದೊಡ್ಡವರ ಅಳತೆ ಕೊಡುವುದರಿಂದಲೇ ಆಮೇಲೆ ಶುಗರ್ ಮುಗಿಲಿಗೇರುವುದು.

ಏನು ಕೊಡಬಹುದು?

– ಗ್ಲೂಕೋಸ್ ಪುಡಿ, ಅರ್ಧ ಲೋಟ ನೀರಿನಲ್ಲಿ ಕರಗಿಸಿ. ಇದಕ್ಕಿಂತ ಬೇಗ ಕೆಲಸ ಮಾಡುವುದು ಮನೆಯಲ್ಲಿ ಇನ್ನೊಂದಿಲ್ಲ.
– ಸಕ್ಕರೆ. ಗೀಟಿ ಸಮ ಮಾಡಿದ ಒಂದು ಟೀ ಚಮಚ ಸುಮಾರು 4 ಗ್ರಾಂ. ಅಂಥ 4 ಚಮಚ ನೀರಿಗೆ ಹಾಕಿ ಕರಗಿಸಿ.
– ಬೆಲ್ಲ ನೀರು. ನೆಂಟರು ಬಂದಾಗ ಕೊಡುವ ಅದೇ ಬೆಲ್ಲ ನೀರು ಇಲ್ಲಿ ಔಷಧಿ. ಆದರೆ ಬೆಲ್ಲದ ತುಂಡು ಬೇರೆ, ನೀರು ಬೇರೆ ಕೊಟ್ಟರೆ ತುಂಡು ಬಾಯಲ್ಲಿ ಕರಗುವಷ್ಟು ಹೊತ್ತು ಹೋಗುತ್ತದೆ. 15ರಿಂದ 20 ಗ್ರಾಂ ಬೆಲ್ಲ ಜಜ್ಜಿ ನೀರಿನಲ್ಲಿ ಕರಗಿಸಿಯೇ ಕುಡಿಸಿ.
– ಜೇನು, ಒಂದು ದೊಡ್ಡ ಚಮಚ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು.
– ಅಂಗಡಿಯ ತಂಪು ಪಾನೀಯ, ಸುಮಾರು 150 ಮಿ.ಲೀ. ಬಾಟಲಿಯ ಮೇಲೆ 100 ಮಿ.ಲೀ.ಗೆ ಎಷ್ಟು ಗ್ರಾಂ ಸಕ್ಕರೆ ಎಂದು ಬರೆದಿರುತ್ತದೆ, ಅದನ್ನು ನೋಡಿ ಲೆಕ್ಕ ಹಾಕಿ. ಡಯಟ್, ಝೀರೋ ಎಂದು ಬರೆದದ್ದರಲ್ಲಿ ಸಕ್ಕರೆ ಇಲ್ಲ. ಅದು ಕುಡಿದು 15 ನಿಮಿಷ ಕಾದರೆ ಆ 15 ನಿಮಿಷ ಪೂರ್ತಿ ವ್ಯರ್ಥ.

ಬೊಂಡದ, ಅಂದರೆ ಎಳನೀರಿನ ಮಾತು ಬೇರೆಯಾಗಿ ಹೇಳಬೇಕು. ತಲೆ ಸುತ್ತಿದರೆ ನಮ್ಮಲ್ಲಿ ಮೊದಲು ನೆನಪಾಗುವುದೇ ಬೊಂಡ. ಆದರೆ ಅದರ ನೀರಿನಲ್ಲಿ ಸಕ್ಕರೆ 100 ಮಿ.ಲೀ.ಗೆ ಸಾಮಾನ್ಯವಾಗಿ 3ರಿಂದ 5 ಗ್ರಾಂ, ಬೆಳೆದಂತೆ ಅದೂ ಬದಲಾಗುತ್ತದೆ. ಒಂದು ಬೊಂಡದಿಂದ 15 ಗ್ರಾಂ ಸಿಗುತ್ತದೆಂಬ ಭರವಸೆಯಿಲ್ಲ, ಕೀಳಿಸಿ ಕೆತ್ತುವಷ್ಟರಲ್ಲಿ ಶುಗರ್ ಇನ್ನಷ್ಟು ಇಳಿದಿರುತ್ತದೆ. ಬಾಯಾರಿಕೆಗೆ ಒಳ್ಳೆಯದು, ಈ ಕೆಲಸಕ್ಕಲ್ಲ.

ಚಾಕ್ಲೇಟ್, ಹಲ್ವ, ಹೋಳಿಗೆ, ಐಸ್‌ಕ್ರೀಂ, ಕ್ರೀಂ ಬಿಸ್ಕೆಟ್, ಹಾಲು ಇವೆಲ್ಲ ಸಿಹಿ ಹೌದು, ಆದರೆ ಇವುಗಳ ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ತಡ ಮಾಡುತ್ತದೆ. ಸಕ್ಕರೆ ರಕ್ತಕ್ಕೆ ಸೇರುವುದು ಬೇಕಾದಾಗ ಅಲ್ಲ, ಒಂದು ಗಂಟೆ ಕಳೆದು. "ತಿಂದರೂ ಏರಲಿಲ್ಲ, ಆಮೇಲೆ ಇಳಿಯಲಿಲ್ಲ" ಎನ್ನುವವರ ಕಥೆ ಹೆಚ್ಚಾಗಿ ಇದೇ.

5. ಗಡಿಯಾರ ನೋಡಿ 15 ನಿಮಿಷ

ಇದೇ ಅತಿ ಕಷ್ಟದ ಹಂತ. ಗ್ಲೂಕೋಸ್ ಕುಡಿದ ಕೂಡಲೇ ನಡುಕ ನಿಲ್ಲುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರಿದ ಮೇಲೂ ದೇಹದಲ್ಲಿ ಹರಿದ ಅಡ್ರಿನಲಿನ್ ಎಂಬ ಗಾಬರಿಯ ಹಾರ್ಮೋನ್ ಇಳಿಯಲು ಸಮಯ ಬೇಕು. ಹಸಿವು "ಇನ್ನೂ ತಿನ್ನು" ಎನ್ನುತ್ತದೆ. ಅಡುಗೆಮನೆಯಿಂದ ದೂರ, ಕುರ್ಚಿಯಲ್ಲಿ ಕುಳಿತುಕೊಳ್ಳಿ. ಮೊಬೈಲಿನಲ್ಲಿ 15 ನಿಮಿಷದ ಅಲಾರಂ ಇಡಿ. ಮತ್ತೆ ಪರೀಕ್ಷಿಸಿ. 70 ದಾಟಿರದಿದ್ದರೆ ಇನ್ನೊಂದು 15 ಗ್ರಾಂ, ಇನ್ನೊಂದು 15 ನಿಮಿಷ. ಮೂರು ಸಲ ಮಾಡಿದರೂ ಏರದಿದ್ದರೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲಿ ಗ್ಲೂಕೋಸ್ ಕೊಡುತ್ತಲೇ ಇರಲಿ.

ತೋಳಿಗೆ ಸೆನ್ಸರ್ ಅಂಟಿಸಿಕೊಂಡವರು ಗಮನಿಸಿ. ಸಿಜಿಎಂ ಎಂದು ಕರೆಯುವ ಈ ಸೆನ್ಸರ್ ರಕ್ತದ ಸಕ್ಕರೆಯನ್ನಲ್ಲ, ಚರ್ಮದಡಿಯ ದ್ರವದ ಸಕ್ಕರೆಯನ್ನು ಅಳೆಯುತ್ತದೆ. ಅದು 5ರಿಂದ 15 ನಿಮಿಷ ಹಿಂದೆ ಇರುತ್ತದೆ. ರಕ್ತದಲ್ಲಿ 85 ಆಗಿದ್ದರೂ ಫೋನಿನಲ್ಲಿ 58 ಎಂದೇ ತೋರಿಸುತ್ತಿರಬಹುದು. ಅದನ್ನು ನೋಡಿ ಮತ್ತೆ ಮತ್ತೆ ತಿನ್ನಬೇಡಿ. ಚೇತರಿಕೆಯ ಪರೀಕ್ಷೆಯನ್ನು ಬೆರಳಿನಲ್ಲೇ ಮಾಡಿ.

70 ದಾಟಿದ ಮೇಲೆ ಊಟಕ್ಕೆ ಇನ್ನೂ ಒಂದು ಗಂಟೆಗಿಂತ ಹೆಚ್ಚು ಇದ್ದರೆ ನಿಧಾನ ಕರಗುವ ಏನಾದರೂ ಸ್ವಲ್ಪ ತಿನ್ನಿ: ಒಂದು ನೀರ್‌ದೋಸೆ, ಒಂದು ಸಣ್ಣ ಕದಳಿ ಹಣ್ಣು ಅಥವಾ ಎರಡು ಮಾರಿ ಬಿಸ್ಕೆಟ್ ಜತೆ ಅರ್ಧ ಲೋಟ ಹಾಲು. ಊಟದ ಹೊತ್ತೇ ಆಗಿದ್ದರೆ ಊಟ ಮಾಡಿ. ಊಟದ ಇನ್ಸುಲಿನ್ ಬಿಡಬೇಡಿ, 70 ದಾಟಿದ ನಂತರ ತೆಗೆದುಕೊಳ್ಳಿ. ಲೋ ಆಯಿತೆಂದು ಹೆದರಿ ಇನ್ಸುಲಿನ್ ಪೂರ್ತಿ ನಿಲ್ಲಿಸುವುದು ಟೈಪ್ ಒನ್‌ನಲ್ಲಿ ಪ್ರಾಣಾಪಾಯ. ಒಂದೆರಡು ದಿನದೊಳಗೆ ರಕ್ತ ಆಮ್ಲವಾಗುವ ಕೀಟೋಅಸಿಡೋಸಿಸ್‌ಗೆ ಅದೇ ದಾರಿ.

6. ಪ್ರಜ್ಞೆ ತಪ್ಪಿದ್ದರೆ, ನುಂಗಲಾಗದಿದ್ದರೆ

ಈ ಭಾಗ ಮನೆಯವರಿಗೆ. ಬಾಯಿಗೆ ಏನೂ ಹಾಕಬೇಡಿ. ನೀರು, ಬೆಲ್ಲ ನೀರು, ಸಕ್ಕರೆ, ಚಮಚ ಯಾವುದೂ ಬೇಡ. ಪ್ರಜ್ಞೆ ಇಲ್ಲದವರ ಬಾಯಿಗೆ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೈಕಾಲು ಸೆಟೆದು ಅದುರುತ್ತಿದ್ದರೆ ಕೈಗೆ ಕೀಲಿಕೈ, ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ, ಹಿಡಿದು ಒತ್ತುವುದೂ ಬೇಡ.

ಮಗ್ಗುಲಾಗಿ ಮಲಗಿಸಿ, ಬಾಯಿ ಕೆಳಮುಖವಾಗಿರಲಿ. 108ಕ್ಕೆ ಕರೆ ಮಾಡಿ. "ಟೈಪ್ ಒನ್ ಡಯಾಬಿಟಿಸ್, ಇನ್ಸುಲಿನ್ ತೆಗೆದುಕೊಳ್ಳುವವರು, ಶುಗರ್ ಇಳಿದು ಪ್ರಜ್ಞೆ ಇಲ್ಲ" ಎಂದು ಮೊದಲ ವಾಕ್ಯದಲ್ಲೇ ಹೇಳಿ. ಆಚೆ ಕಡೆಯವರಿಗೆ ಕನ್ನಡ ತಿಳಿಯದಿದ್ದರೆ ಮಲಯಾಳದಲ್ಲಿ "ಷುಗರ್ ಕುರಞ್ಞು, ಬೋಧಂ ಇಲ್ಲ" ಎನ್ನಿ. ಗುಡ್ಡೆಯ ಮೇಲಿನ ಮನೆಯಾದರೆ, ತೋಟದೊಳಗಿನ ಮನೆಯಾದರೆ, ಒಬ್ಬರು ಟಾರ್ಚ್ ಹಿಡಿದು ಡಾಮರು ರಸ್ತೆಯ ತಿರುವಿಗೆ ಹೋಗಿ ನಿಲ್ಲಲಿ. ಮನೆ ಹುಡುಕುವುದರಲ್ಲೇ ಆಂಬುಲೆನ್ಸಿನ ಸಮಯ ಹೋಗುತ್ತದೆ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ನೇರ ಗ್ಲೂಕೋಸ್ ದ್ರಾವಣವಾದ ಡೆಕ್ಸ್‌ಟ್ರೋಸ್ ಕೊಡುತ್ತಾರೆ, ನಿಮಿಷಗಳಲ್ಲಿ ಎಚ್ಚರವಾಗುತ್ತದೆ.

ಮನೆಯಲ್ಲಿ ಗ್ಲೂಕಗಾನ್ ಇಂಜೆಕ್ಷನ್ ಇದ್ದರೆ ಕಾಯದೆ ಕೊಡಿ. ಗ್ಲೂಕಗಾನ್ ಎಂದರೆ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುವ ಹಾರ್ಮೋನ್. ಪೆಟ್ಟಿಗೆಯಲ್ಲಿ ಪುಡಿ ಇರುವ ಸೀಸೆ, ದ್ರವ ತುಂಬಿದ ಸಿರಿಂಜ್ ಇರುತ್ತವೆ. ದ್ರವವನ್ನು ಸೀಸೆಗೆ ಬಿಟ್ಟು, ಪುಡಿ ಕರಗುವ ತನಕ ಮೆಲ್ಲ ತಿರುಗಿಸಿ, ಅದೇ ಸಿರಿಂಜಿಗೆ ಎಳೆದು, ತೊಡೆಯ ಹೊರಭಾಗಕ್ಕೆ ನೇರವಾಗಿ ಚುಚ್ಚಿ. ದೊಡ್ಡವರಿಗೆ ಪೂರ್ತಿ, ಅಂದರೆ 1 ಮಿಲಿಗ್ರಾಂ. 25 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಅರ್ಧ. 10ರಿಂದ 15 ನಿಮಿಷದಲ್ಲಿ ಎಚ್ಚರ ಬರುತ್ತದೆ, ವಾಂತಿಯಾಗುವುದು ಸಾಮಾನ್ಯ, ಅದಕ್ಕೇ ಮಗ್ಗುಲಾಗಿ ಮಲಗಿಸುವುದು. ಎಚ್ಚರವಾಗಿ ನುಂಗಬಲ್ಲರಾದ ಮೇಲೆ ಗ್ಲೂಕೋಸ್ ನೀರು, ನಂತರ ಆಹಾರ. ಈ ಇಂಜೆಕ್ಷನ್ ಎಲ್ಲ ಮದ್ದಿನಂಗಡಿಯಲ್ಲಿ ಸಿಗುವುದಿಲ್ಲ, ಬೆಲೆಯೂ ಹೆಚ್ಚು. ಒಮ್ಮೆಯಾದರೂ ಪ್ರಜ್ಞೆ ತಪ್ಪಿದವರಿದ್ದರೆ ವೈದ್ಯರ ಚೀಟಿ ಪಡೆದು ಮುಂಗಡವಾಗಿ ತರಿಸಿಡಿ, ಅವಧಿ ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

7. ಏಕೆ ಇಳಿಯಿತು? 24 ಗಂಟೆಯೊಳಗೆ ಹುಡುಕಿ

ಶುಗರ್ ಸುಮ್ಮನೆ ಇಳಿಯುವುದು ಅಪರೂಪ. ಯಾವ ಹೊತ್ತಿಗೆ ಇಳಿಯಿತೋ ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಹೆಚ್ಚಿನ ಸಲ ಕಾರಣ ಸಿಗುತ್ತದೆ. ಅದಕ್ಕೆ ನಿಮ್ಮ ಇನ್ಸುಲಿನ್ ಯಾವಾಗ ಜೋರು ಎಂಬುದು ಗೊತ್ತಿರಬೇಕು. ಲಿಸ್‌ಪ್ರೋ, ಆಸ್ಪಾರ್ಟ್‌ನಂಥ ಶೀಘ್ರ ಇನ್ಸುಲಿನ್ 10ರಿಂದ 15 ನಿಮಿಷದಲ್ಲಿ ಶುರುವಾಗಿ 1ರಿಂದ 2 ಗಂಟೆಗೆ ಜೋರಾಗಿ 3ರಿಂದ 5 ಗಂಟೆಗೆ ಮುಗಿಯುತ್ತದೆ. ರೆಗ್ಯುಲರ್ ಎಂಬ ತಿಳಿ ಇನ್ಸುಲಿನ್ ಅರ್ಧ ಗಂಟೆಗೆ ಶುರುವಾಗಿ 2ರಿಂದ 4 ಗಂಟೆಗೆ ಜೋರು, 6ರಿಂದ 8 ಗಂಟೆ ಇರುತ್ತದೆ. ಹಾಲಿನ ಬಣ್ಣದ ಎನ್‌ಪಿಎಚ್ 4ರಿಂದ 10 ಗಂಟೆಯ ನಡುವೆ ಜೋರು. ಗ್ಲಾರ್ಜಿನ್ ಎಂಬ ದೀರ್ಘ ಇನ್ಸುಲಿನ್ ಹೆಚ್ಚುಕಡಿಮೆ ಒಂದು ದಿನ ಸಮನಾಗಿ ಹರಿಯುತ್ತದೆ.

ಸಿರಿಂಜ್ ಮತ್ತು ಬಾಟಲಿ. ಎಲ್ಲಕ್ಕಿಂತ ಅಪಾಯದ ತಪ್ಪು ಇಲ್ಲಿದೆ, ಹಾಗಾಗಿ ನಿಧಾನವಾಗಿ ಓದಿ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಒಂದು ಮಿ.ಲೀ.ಗೆ 40 ಯೂನಿಟ್, ಒಂದು ಮಿ.ಲೀ.ಗೆ 100 ಯೂನಿಟ್. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ರ ಬಾಟಲಿಗೆ ಕೇಸರಿ ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ ಸಾಮಾನ್ಯವಾಗಿ 100. ಕೆಂಪು ಸಿರಿಂಜಿನಲ್ಲಿ 10ರ ಗೆರೆ ಎಂದರೆ 0.25 ಮಿ.ಲೀ. ಅದರಲ್ಲಿ 100ರ ಇನ್ಸುಲಿನ್ ಎಳೆದರೆ ಒಳಗೆ ಹೋಗುವುದು 10 ಅಲ್ಲ, 25 ಯೂನಿಟ್. ಎರಡೂವರೆ ಪಟ್ಟು! ಪೆನ್ ಕೆಟ್ಟಿತೆಂದು ಅದರ ಕಾರ್ಟ್ರಿಜ್‌ನಿಂದ ಮನೆಯಲ್ಲಿದ್ದ ಕೆಂಪು ಸಿರಿಂಜಿಗೆ ಎಳೆಯುವಾಗ, ಅಂಗಡಿಯವರು ಬೇರೆ ಬಾಟಲಿ ಕೊಟ್ಟಾಗ, ಮಂಗಳೂರಿನಲ್ಲಿ ಇನ್ಸುಲಿನ್ ತಂದು ಊರಿನಲ್ಲಿ ಸಿರಿಂಜ್ ಕೊಂಡಾಗ ಇದು ಆಗುತ್ತದೆ. ಪ್ರತಿ ಸಲ ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಬಾಯಿಬಿಟ್ಟು ಓದಿ, ಎರಡೂ ಒಂದೇ ಇರಬೇಕು. ತಪ್ಪಾಗಿ ಹೋಗಿದ್ದರೆ ಲಕ್ಷಣಕ್ಕೆ ಕಾಯಬೇಡಿ: ತಕ್ಷಣ ತಿನ್ನಿ, 15 ನಿಮಿಷಕ್ಕೊಮ್ಮೆ ಪರೀಕ್ಷಿಸುತ್ತಾ ಆಸ್ಪತ್ರೆಗೆ ಹೊರಡಿ.

ಹಾಲಿನ ಬಣ್ಣದ ಇನ್ಸುಲಿನ್ ಬಳಸುವವರು ಚುಚ್ಚುವ ಮೊದಲು ಬಾಟಲಿಯನ್ನು ಅಂಗೈಗಳ ನಡುವೆ 20 ಸಲ ಉರುಳಿಸಿ. ಕದಡದಿದ್ದರೆ ಇಂದು ತಿಳಿ, ನಾಳೆ ಗಟ್ಟಿ. ಡೋಸ್ ಒಂದೇ ಇದ್ದರೂ ಪರಿಣಾಮ ಬೇರೆ ಬೇರೆ.

ಚುಚ್ಚುವ ಜಾಗ. ಒಂದೇ ಕಡೆ ಚುಚ್ಚಿದರೆ ಚರ್ಮದಡಿ ಕೊಬ್ಬಿನ ಗಂಟು ಬೆಳೆಯುತ್ತದೆ, ನೋವಿರುವುದಿಲ್ಲ. ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಬೆರಳಾಡಿಸಿದರೆ ರಬ್ಬರಿನಂತೆ ಸಿಗುತ್ತದೆ. ಅಲ್ಲಿಂದ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ, ಶುಗರ್ ಏರುತ್ತದೆ, ನೀವು ಡೋಸ್ ಏರಿಸುತ್ತೀರಿ. ಒಂದು ದಿನ ಹೊಸ ಜಾಗಕ್ಕೆ ಅದೇ ದೊಡ್ಡ ಡೋಸ್ ಚುಚ್ಚಿದಾಗ ಶುಗರ್ ಪಾತಾಳಕ್ಕೆ. ಗಂಟು ಬಿಟ್ಟು ಹೊಸ ಜಾಗಕ್ಕೆ ಹೋಗುವಾಗ ಡೋಸ್ ಎಷ್ಟು ಇಳಿಸಬೇಕೆಂದು ವೈದ್ಯರನ್ನು ಕೇಳಿಯೇ ಹೋಗಿ. ಹೆಚ್ಚಿನವರಿಗೆ 4 ಮಿ.ಮೀ. ಸೂಜಿ ಸಾಕು. ಉದ್ದ ಸೂಜಿ ಸ್ನಾಯುವಿಗೆ ತಗಲಿದರೆ ಇನ್ಸುಲಿನ್ ಬೇಗ ಹರಿಯುತ್ತದೆ. ಚುಚ್ಚಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿದರೂ ಹಾಗೆಯೇ.

ಸಮಾರಂಭದ ಊಟ. ಮದುವೆ, ಬ್ರಹ್ಮಕಲಶ, ಉಪನಯನ: ಊಟ 12.30ಕ್ಕೆ ಎಂದಿರುತ್ತದೆ, ನಿಮಗೆ ಎಲೆ ಸಿಗುವುದು 2ಕ್ಕೆ. ಮನೆಯಿಂದ ಹೊರಡುವಾಗಲೇ ಇನ್ಸುಲಿನ್ ತೆಗೆದುಕೊಂಡು ಬರಬೇಡಿ. ಶೀಘ್ರ ಇನ್ಸುಲಿನ್ ಆದರೆ ಎಲೆಗೆ ಅನ್ನ ಬಿದ್ದ ಮೇಲೆ ಚುಚ್ಚಿ. ರೆಗ್ಯುಲರ್ ಆದರೆ ಊಟಕ್ಕೆ ಅರ್ಧ ಗಂಟೆ ಮೊದಲು ಬೇಕು. ಹಿಂದಿನ ಪಂಕ್ತಿ ಸಾರಿಗೆ ಬಂದಾಗ ಚುಚ್ಚಿ ನಿಮ್ಮ ಜಾಗ ಖಚಿತ ಮಾಡಿಕೊಳ್ಳಿ, ಗ್ಲೂಕೋಸ್ ಡಬ್ಬಿ ಜೇಬಿನಲ್ಲೇ ಇರಲಿ.

ತೋಟದ ಕೆಲಸ. ಅಡಕೆಗೆ ಮದ್ದು ಬಿಡುವ ದಿನ, ಗೊಬ್ಬರ ಹೊರುವ ದಿನ, ಬುಡ ಬಿಡಿಸುವ ದಿನ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಕೆಲಸ ನಿಂತ ಮೇಲೂ ನಿಲ್ಲುವುದಿಲ್ಲ. ಖಾಲಿಯಾದ ಸಂಗ್ರಹ ತುಂಬಿಕೊಳ್ಳಲು ರಾತ್ರಿಯಿಡೀ ಎಳೆಯುತ್ತಲೇ ಇರುತ್ತವೆ. ಅದಕ್ಕೇ ಹಗಲು ದುಡಿದವರಿಗೆ ಲೋ ಆಗುವುದು 6ರಿಂದ 15 ಗಂಟೆ ಕಳೆದು, ನಡುರಾತ್ರಿ. ಶುರು ಮಾಡುವಾಗ 90ಕ್ಕಿಂತ ಕೆಳಗಿದ್ದರೆ ಮೊದಲು 15 ಗ್ರಾಂ ತೆಗೆದುಕೊಳ್ಳಿ, ಗಂಟೆಗೊಮ್ಮೆ ನೋಡಿ. ಕಾಲಿನ ಕೆಲಸವಿದ್ದರೆ ತೊಡೆಗೆ ಇನ್ಸುಲಿನ್ ಬೇಡ. ಆ ರಾತ್ರಿಯ ದೀರ್ಘ ಇನ್ಸುಲಿನ್ ಎಷ್ಟು ಇಳಿಸಬೇಕೆಂದು ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ, ಸಾಮಾನ್ಯವಾಗಿ ಶೇ. 20ರ ಆಸುಪಾಸಿನಲ್ಲಿ ಹೇಳುತ್ತಾರೆ. ಶುಗರ್ 70ಕ್ಕಿಂತ ಕೆಳಗಿದ್ದಾಗ ಮರ ಹತ್ತುವುದು, ಯಂತ್ರದ ಬಳಿ ನಿಲ್ಲುವುದು ಖಂಡಿತ ಬೇಡ.

ಕಳ್ಳು, ಸಾರಾಯಿ. ಮದ್ಯ ಇಳಿಸುವ ಕೆಲಸದಲ್ಲಿರುವ ಯಕೃತ್ತು ಸಕ್ಕರೆ ತಯಾರಿಸುವುದನ್ನು ಬಿಡುತ್ತದೆ. ಮರುದಿನ ಬೆಳಿಗ್ಗೆಯ ತನಕವೂ ಲೋ ಆಗಬಹುದು. ಆಗ ಗ್ಲೂಕಗಾನ್ ಸರಿಯಾಗಿ ಫಲಿಸುವುದಿಲ್ಲ, ತೊದಲು ಕಂಡವರು "ಕುಡಿದಿದ್ದಾನೆ" ಎಂದು ಬಿಟ್ಟು ಹೋಗುತ್ತಾರೆ. ಖಾಲಿ ಹೊಟ್ಟೆಯಲ್ಲಿ ಎಂದಿಗೂ ಬೇಡ.

ವಾಂತಿ ಭೇದಿಯ ದಿನವೂ ದೀರ್ಘ ಇನ್ಸುಲಿನ್ ನಿಲ್ಲಿಸಬಾರದು. ಗ್ಲೂಕೋಸ್ ನೀರು ಗುಟುಕು ಗುಟುಕಾಗಿ ಕೊಡಿ, ಏನೂ ನಿಲ್ಲದಿದ್ದರೆ ಆಸ್ಪತ್ರೆ. ಏಕಾದಶಿ, ರಂಜಾನ್ ಉಪವಾಸ ಮಾಡುವ ಮನಸ್ಸಿದ್ದರೆ ವಾರಗಳ ಮೊದಲೇ ವೈದ್ಯರ ಜತೆ ಮಾತಾಡಿ. 70ಕ್ಕಿಂತ ಕೆಳಗೆ ಬಂದ ಕ್ಷಣ ಉಪವಾಸ ಮುಗಿಯಿತು.

ಈ ಯಾವುದೂ ಅಲ್ಲದೆ ವಾರದಲ್ಲಿ ಎರಡು ಮೂರು ಸಲ ಇಳಿಯುತ್ತಿದ್ದರೆ, ಇನ್ಸುಲಿನ್ ಬೇಡಿಕೆ ತಾನಾಗಿ ಕಡಿಮೆಯಾಗುತ್ತಿದ್ದರೆ, ಮೂತ್ರಪಿಂಡ, ಥೈರಾಯ್ಡ್, ಅಡ್ರಿನಲ್ ಗ್ರಂಥಿ, ಗೋಧಿಯ ಗ್ಲುಟೆನ್‌ನಿಂದ ಬರುವ ಸೀಲಿಯಾಕ್ ಇವುಗಳ ಪರೀಕ್ಷೆ ಬೇಕಾಗಬಹುದು. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು, ಬಾಣಂತಿಯರಿಗೆ ಹಾಲೂಡಿಸುವ ದಿನಗಳು ಲೋ ಹೆಚ್ಚು.

8. ರಾತ್ರಿ

ಮೈ, ದಿಂಬು ಒದ್ದೆ, ಕೆಟ್ಟ ಕನಸು, ಬೆಳಿಗ್ಗೆ ತಲೆನೋವು: ನಿದ್ದೆಯಲ್ಲಿ ಶುಗರ್ ಇಳಿದಿದ್ದರ ಗುರುತು. ಮಲಗುವಾಗ 100ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಮಲಗಿ. ಡೋಸ್ ಬದಲಿಸಿದ ದಿನ, ಹೆಚ್ಚು ದುಡಿದ ದಿನ, ಹುಷಾರಿಲ್ಲದ ದಿನ 2ರಿಂದ 3 ಗಂಟೆಯ ನಡುವೆ ಅಲಾರಂ ಇಟ್ಟು ಪರೀಕ್ಷಿಸಿ. ರಾತ್ರಿಯೂಟದ ಮೊದಲು ಎನ್‌ಪಿಎಚ್ ತೆಗೆದುಕೊಳ್ಳುವವರಿಗೆ ಅದರ ಜೋರು ಸರಿಯಾಗಿ ನಡುರಾತ್ರಿಗೆ ಬೀಳುತ್ತದೆ. ಮಲಗುವ ಹೊತ್ತಿಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಬೆಳಿಗ್ಗೆ 250 ಕಂಡಿತೆಂದು ರಾತ್ರಿ ಇನ್ಸುಲಿನ್ ಏರಿಸುವ ಮೊದಲು ಒಂದೆರಡು ದಿನ ನಸುಕಿನ 3 ಗಂಟೆಯ ಅಂಕಿ ನೋಡಿ, ರಾತ್ರಿ ಇಳಿಯುತ್ತಿಲ್ಲ ಎಂದು ಖಚಿತವಾದ ಮೇಲೆಯೇ ನಿರ್ಧರಿಸಿ.

ಸೆನ್ಸರ್ ಇರುವವರು ರಾತ್ರಿಯ ಅಲಾರಂ 80ಕ್ಕೆ ಇಡಿ. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಸುಳ್ಳು ಲೋ ತೋರಿಸುತ್ತದೆ, ಮಗ್ಗುಲು ಬದಲಿಸಿ ಬೆರಳಿನಲ್ಲಿ ಖಚಿತ ಮಾಡಿಕೊಳ್ಳಿ. ರಾತ್ರಿಯಿಡೀ ಕೋಲ, ಯಕ್ಷಗಾನ ನೋಡಲು ಹೋಗುವವರು ಚೀಲ ಮರೆಯಬೇಡಿ. ಮನೆಯ ಒಬ್ಬರಾದರೂ ಜತೆಗಿರಲಿ.

9. ಎಚ್ಚರಿಕೆಯ ಗಂಟೆ ಬಾರಿಸುವುದೇ ನಿಂತರೆ

"ಮೊದಲು 65ಕ್ಕೆ ನಡುಕ ಬರುತ್ತಿತ್ತು, ಈಗ 45 ಆದರೂ ಗೊತ್ತಾಗುವುದಿಲ್ಲ" ಎನ್ನುವವರು ಇದನ್ನು ಗಟ್ಟಿತನ ಎಂದುಕೊಳ್ಳಬೇಡಿ. ಪದೇ ಪದೇ ಇಳಿದಾಗ ದೇಹ ಆ ಮಟ್ಟಕ್ಕೆ ಒಗ್ಗಿಹೋಗಿ ಕೂಗುವುದನ್ನು ಬಿಡುತ್ತದೆ. ಪ್ರಜ್ಞೆ ತಪ್ಪುವ ಅಪಾಯ ಇಂಥವರಿಗೇ ಹೆಚ್ಚು. ಒಳ್ಳೆಯ ಸುದ್ದಿ ಏನೆಂದರೆ ನಿಂತುಹೋದ ಎಚ್ಚರಿಕೆ ಮರಳಿ ಬರಬಲ್ಲದು. ಎರಡು ಮೂರು ವಾರ ಒಮ್ಮೆಯೂ 70ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಂಡರೆ ಹೆಚ್ಚಿನವರಿಗೆ ನಡುಕ, ಬೆವರು ಮತ್ತೆ ಗೊತ್ತಾಗತೊಡಗುತ್ತದೆ. ಆ ಅವಧಿಗೆ ವೈದ್ಯರು ಗುರಿಯನ್ನೇ ಸ್ವಲ್ಪ ಮೇಲಕ್ಕೆ ಇಡುತ್ತಾರೆ, ಶುಗರ್ ತುಸು ಹೆಚ್ಚು ಕಂಡರೂ ಹೆದರಬೇಡಿ. ರಕ್ತದೊತ್ತಡಕ್ಕೆ ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ನಡುಕ, ಎದೆಬಡಿತ ಮರೆಯಾಗಿ ಬೆವರು ಮಾತ್ರ ಉಳಿಯುತ್ತದೆ.

10. ರಸ್ತೆ, ಶಾಲೆ, ಚೀಟಿ

ಗಾಡಿ ಹತ್ತುವ ಮೊದಲು ಪರೀಕ್ಷಿಸಿ. 90ಕ್ಕಿಂತ ಕೆಳಗಿದ್ದರೆ ತಿಂದು ಹೊರಡಿ. ಎರಡು ಗಂಟೆಗೊಮ್ಮೆ ಮತ್ತೆ ನೋಡಿ. ಹೆದ್ದಾರಿಯಲ್ಲಿ ಲೋ ಅನಿಸಿದರೆ "ಮಂಗಳೂರು ಬಂತಲ್ಲ" ಎನ್ನದೆ ಬದಿಗೆ ನಿಲ್ಲಿಸಿ, ಕೀಲಿ ತೆಗೆದು, ಗ್ಲೂಕೋಸ್ ತೆಗೆದುಕೊಳ್ಳಿ. ಶುಗರ್ ಸರಿಯಾದ ಮೇಲೂ 45 ನಿಮಿಷ ಗಾಡಿ ಓಡಿಸಬೇಡಿ, ಮಿದುಳಿನ ಚುರುಕು ಮರಳಲು ಅಷ್ಟು ಹೊತ್ತು ಬೇಕು.

ಕೇರಳ ಸಾಮಾಜಿಕ ಸುರಕ್ಷಾ ಮಿಷನ್ನಿನ "ಮಿಠಾಯಿ" ಯೋಜನೆ ಟೈಪ್ ಒನ್ ಇರುವ ಮಕ್ಕಳಿಗೆ ಇನ್ಸುಲಿನ್, ಪೆನ್, ಸ್ಟ್ರಿಪ್ ಒದಗಿಸುತ್ತದೆ. ಚಿಕಿತ್ಸೆಗೆ ಮಂಗಳೂರಿಗೆ ಹೋಗುವ ಗಡಿಭಾಗದ ಮನೆಗಳಲ್ಲಿ ಇದರ ಹೆಸರೇ ಗೊತ್ತಿರುವುದಿಲ್ಲ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಅಥವಾ ರಾಜ್ಯದ ಆರೋಗ್ಯ ಸಹಾಯವಾಣಿ ದಿಶಾ 1056ಕ್ಕೆ ಕರೆ ಮಾಡಿ ವಿಚಾರಿಸಿ. ಸ್ಟ್ರಿಪ್ ಖರ್ಚಿಗೆ ಹೆದರಿ ಪರೀಕ್ಷೆ ಬಿಡುವ ಮನೆಗಳಿಗೆ ಇದು ದೊಡ್ಡ ಆಸರೆ.

ಕೊನೆಗೆ ಒಂದು ಚೀಟಿ. ಅಂಗೈಯಗಲದ ಕಾಗದದಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಬರೆಯಬೇಕಾದ್ದು: "ನನಗೆ ಟೈಪ್ ಒನ್ ಮಧುಮೇಹ ಇದೆ. ನಾನು ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ನಾನು ತೊದಲುತ್ತಿದ್ದರೆ, ಬೆವರುತ್ತಿದ್ದರೆ ಈ ಚೀಲದಲ್ಲಿರುವ ಗ್ಲೂಕೋಸ್ ನೀರಿನಲ್ಲಿ ಕರಗಿಸಿ ಕೊಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ." ಕೆಳಗೆ ಮನೆಯವರ ಫೋನ್ ನಂಬರ್, ಇನ್ಸುಲಿನ್‌ಗಳ ಹೆಸರು. ಒಂದು ಪ್ರತಿ ಮೊಬೈಲ್ ಕವರಿನ ಹಿಂದೆ, ಒಂದು ಚೀಲದಲ್ಲಿ. ಮಗುವಾದರೆ ಮೂರನೆಯದು ತರಗತಿ ಟೀಚರ ಕೈಯಲ್ಲಿ, ಜತೆಗೆ ಮಗುವಿನ ತೂಕಕ್ಕೆ ಅಳೆದ ಎರಡು ಡಬ್ಬಿ ಗ್ಲೂಕೋಸ್. ಲೋ ಆದಾಗ ಮಗುವನ್ನು ಒಂಟಿಯಾಗಿ ಆಫೀಸ್ ರೂಮಿಗೆ ಕಳಿಸಬಾರದು, ಕೂತಲ್ಲೇ ಕೊಡಬೇಕು ಎಂಬುದನ್ನು ಟೀಚರಿಗೆ ಬಾಯಿಮಾತಿನಲ್ಲೂ ಹೇಳಿ. ಜೂನ್‌ನಲ್ಲಿ ತರಗತಿ ಬದಲಾದಾಗ ಹೊಸ ಟೀಚರಿಗೆ ಇನ್ನೊಮ್ಮೆ ಹೇಳಿ, ಪಿ.ಟಿ. ಮಾಸ್ತರಿಗೂ ಹೇಳಿ.